ಹತ್ತಿಯ ಪರಾಗದಲ್ಲಿ ಅಡಗಿದ ಲೆಕ್ಕ

ಗುಜರಾತಿನ ಹತ್ತಿ ಪೇಟೆಯ ದರಪಟ್ಟಿಯನ್ನು ನೋಡಿದವರಿಗೆಲ್ಲ 'ಶಂಕರ್-೬' ಎಂಬ ಹೆಸರು ಪರಿಚಿತವಾದುದೇ. ಗಿರಣಿಯ ಗೋದಾಮಿಗೆ ಬರುವ ಬೇಲುಗಳ ಚೀಟಿಯಲ್ಲೂ ಅದೇ, ದಲಾಲರ ಬಾಯಲ್ಲೂ ಅದೇ. ಇದು ಶಿವನ ಹೆಸರೆಂದು, ಯಾರೋ ಭಕ್ತರು ಇಟ್ಟಿರಬೇಕೆಂದು ಹಲವರು ತಿಳಿದಿದ್ದಾರೆ. ಸಂಗತಿ ಹಾಗಲ್ಲ. 'ಸಂಕರ' ಎಂಬ ಮಾತೇ ಪೇಟೆಯ ನಾಲಗೆಯಲ್ಲಿ 'ಶಂಕರ'ವಾಗಿದೆ. ಸಂಕರವೆಂದರೆ ಬೆರಕೆ; ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಸಂತಾನ. ಈ ಒಂದು ಮಾತಿನ ಹಿಂದೆ ನಮಗೆ ಸಂಬಂಧಪಟ್ಟ ಎರಡು ಊರುಗಳ ಕೆಲಸವಿದೆ. ಒಂದು, ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಸೀಮೆಯ ಸೂರತ್. ಇನ್ನೊಂದು, ನಮ್ಮಲ್ಲಿ ಅನೇಕರು ಬಿಟ್ಟುಬಂದ ಸೀಮೆಯ ಧಾರವಾಡ.

ಅಹಮದಾಬಾದು, ವಡೋದರಾ, ಸೂರತ್ ಊರುಗಳಲ್ಲಿ ದುಡಿಯುವ ಕನ್ನಡ ಬಂಧುಗಳಲ್ಲಿ ಹಲವರ ಅಣ್ಣತಮ್ಮಂದಿರು ಇಂದಿಗೂ ಹಾವೇರಿ, ಗದಗ, ಧಾರವಾಡ, ರಾಯಚೂರು ಕಡೆಗಳಲ್ಲಿ ಹತ್ತಿ ಬಿತ್ತುತ್ತಾರೆ. ಮುಂಗಾರು ಹತ್ತಿರ ಬಂತೆಂದರೆ ಊರಿನಿಂದ ಮಾತು ಬರುತ್ತದೆ: "ಬೀಜಕ್ಕ ರೊಕ್ಕ ಕಳಸು." ಕಳೆದ ವರ್ಷದ ಬೆಳೆಯಿಂದಲೇ ಒಂದಿಷ್ಟು ಬೀಜ ಉಳಿಸಿಕೊಂಡು ಬಿತ್ತಬಾರದೆ, ನಮ್ಮ ಅಜ್ಜಂದಿರು ಹಾಗೆಯೇ ಮಾಡುತ್ತಿದ್ದರಲ್ಲವೆ ಎಂದು ನಾವು ಕೇಳುತ್ತೇವೆ. ಈ ಪ್ರಶ್ನೆ ಸಣ್ಣದಲ್ಲ. ನಮ್ಮ ಪಗಾರದ ಒಂದು ಪಾಲೂ ಊರಿನ ಮನೆಯ ಒಂದು ವರ್ಷದ ಅನ್ನವೂ ಅದರ ಮೇಲೆ ನಿಂತಿವೆ. ಇದರ ಉತ್ತರ ಹತ್ತಿಯ ಹೂವಿನೊಳಗೆ, ಬೆರಳಿಗೆ ಧೂಳಿನಂತೆ ಅಂಟುವ ಪರಾಗದ ಕಣದಲ್ಲಿದೆ. ಅದನ್ನು ಸಾಧ್ಯವಾದಷ್ಟು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ವರ್ಣತಂತುಗಳು

ಇಟ್ಟಿಗೆಗಳಿಂದ ಗೋಡೆ ಆಗುವಂತೆ ಜೀವಕೋಶಗಳಿಂದ ಗಿಡವಾಗುತ್ತದೆ. ಒಂದೊಂದು ಕೋಶದ ನಡುವೆಯೂ ಒಂದು ಕೇಂದ್ರವುಂಟು. ಆ ಕೇಂದ್ರದಲ್ಲಿ ಸಣ್ಣ ಸಣ್ಣ ತಂತುಗಳಿವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಚೆನ್ನಾಗಿ ಬಣ್ಣ ಹೀರಿಕೊಂಡು ಎದ್ದು ಕಾಣುತ್ತವೆ. ಆದುದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ಗಿಡದ ಎತ್ತರ, ಎಲೆಯ ಕೂದಲು, ಹೂವಿನ ಬಣ್ಣ, ಎಳೆಯ ಉದ್ದ, ರೋಗ ತಡೆಯುವ ಶಕ್ತಿ ಮುಂತಾದ ಗುಣಗಳೆಲ್ಲ ಈ ತಂತುಗಳ ಮೇಲೆ ಬರೆದಿಟ್ಟಂತೆ ಇರುತ್ತವೆ.

ಈ ತಂತುಗಳು ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ತಾಯಿಯ ಕಡೆಯಿಂದ ಬಂದುದು, ಇನ್ನೊಂದು ತಂದೆಯ ಕಡೆಯಿಂದ ಬಂದುದು. ಮನುಷ್ಯನಲ್ಲಿ ೪೬, ಅಂದರೆ ೨೩ ಜೋಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗಿಡದಲ್ಲಿ ೨೪, ಅಂದರೆ ೧೨ ಜೋಡಿ. ಊರೂರಿಗೆ ಕಾಯಿಯ ಖಾರ, ಬಣ್ಣ, ಆಕಾರ ಬೇರೆಯಾದರೂ ಸಾಮಾನ್ಯವಾಗಿ ಬೆಳೆಯುವ ಮೆಣಸಿನಕಾಯಿಯಲ್ಲಿ ಲೆಕ್ಕ ಅದೇ. ಆದರೆ ಹತ್ತಿಯಲ್ಲಿ ಹಾಗಿಲ್ಲ. ಹತ್ತಿಯಲ್ಲಿ ಎರಡು ಲೆಕ್ಕದ ಗಿಡಗಳಿವೆ. ತೊಡಕು ಹುಟ್ಟುವುದೂ ಅಲ್ಲಿಂದಲೇ.

ಎರಡು ಲೆಕ್ಕದ ಹತ್ತಿ

ನಮ್ಮ ದೇಶಿ ಹತ್ತಿಯಲ್ಲಿ ವರ್ಣತಂತುಗಳು ೨೬. ಧಾರವಾಡದ ಕಪ್ಪು ನೆಲದಲ್ಲಿ ಬಹುಕಾಲ ಬೆಳೆದ ಜಯಧರ ಈ ಜಾತಿಯದು. ಅದರ ಪೂರ್ವಜರ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು ಬಿದ್ದಿತ್ತು. ಗುಜರಾತಿನ ಭರೂಚಿನ ಹೆಸರಾದ ಹಳೆಯ ಹತ್ತಿಯೂ, ವಾಗಡ ಸೀಮೆಯ ಮಳೆಯಾಶ್ರಿತ ಹತ್ತಿಯೂ ಇದೇ ಜಾತಿಗೆ ಸೇರಿದವು. ವಾಗಡದ ಹತ್ತಿಯ ಕಾಯಿ ಪೂರ್ತಿ ಬಿರಿಯುವುದಿಲ್ಲ. ಕಾಯಿಯನ್ನೇ ಕಿತ್ತು ತಂದು ಮನೆಯಲ್ಲಿ ಕೂತು ಹತ್ತಿ ಬಿಡಿಸುವ ರೂಢಿ ಅಲ್ಲಿಯದು. ಒಟ್ಟಿನಲ್ಲಿ ದೇಶಿ ಹತ್ತಿ ಮಳೆ ಕಡಿಮೆಯಾದರೂ ತಾಳುತ್ತದೆ, ಜಿಗಿಹುಳುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅದರ ಎಳೆ ಗಿಡ್ಡ, ಒರಟು. ಸಣ್ಣ ನೂಲಿಗೆ ಅದು ಒದಗುವುದಿಲ್ಲ.

ಅಮೆರಿಕದಿಂದ ಬಂದ ಹತ್ತಿಯಲ್ಲಿ ವರ್ಣತಂತುಗಳು ೫೨. ೧೮೪೦ರ ದಶಕದಲ್ಲಿ ಅದನ್ನು ಧಾರವಾಡ, ಹುಬ್ಬಳ್ಳಿಗಳ ಸುತ್ತ ಬಿತ್ತಿಸಿ ನೋಡಿದರು. ಅದು ಅಲ್ಲಿ ನೆಲೆಯೂರಿ 'ಧಾರವಾಡ-ಅಮೆರಿಕನ್' ಎಂಬ ಹೆಸರನ್ನು ಪಡೆಯಿತು. ಅದರ ಎಳೆ ಉದ್ದ, ಮೃದು. ಆದರೆ ನಮ್ಮ ಬರ, ನಮ್ಮ ಹುಳ ಅದಕ್ಕೆ ಹೊಸವು.

ಒಂದರ ತಾಳ್ಮೆಯನ್ನೂ ಇನ್ನೊಂದರ ಎಳೆಯನ್ನೂ ಒಂದೇ ಗಿಡದಲ್ಲಿ ಕೂಡಿಸಬಾರದೆ ಎಂದು ಯಾರಿಗಾದರೂ ತೋಚುತ್ತದೆ. ತಜ್ಞರಿಗೂ ತೋಚಿತು. ಅದು ಏಕೆ ಕಷ್ಟವಾಯಿತೆಂಬುದನ್ನು ತಿಳಿಯಬೇಕಾದರೆ ಪರಾಗ ಹುಟ್ಟುವ ಬಗೆಯನ್ನು ಮೊದಲು ನೋಡಬೇಕು.

ಪರಾಗ ಹುಟ್ಟುವ ಬಗೆ

ಹತ್ತಿಯ ಹೂವನ್ನು ಬಿಡಿಸಿ ನೋಡಿ. ನಡುವೆ ಒಂದು ಕೊಳವೆ, ಅದರ ಮೈತುಂಬ ನೂರರಷ್ಟು ಸಣ್ಣ ಕೇಸರಗಳು, ಅವುಗಳ ತುದಿಯಲ್ಲಿ ಪುಟ್ಟ ಚೀಲಗಳು. ಆ ಚೀಲಗಳಲ್ಲಿ ಪರಾಗವಿದೆ. ಕೊಳವೆಯ ಒಳಗಿನಿಂದ ಮೇಲಕ್ಕೆ ಬಂದಿರುವ ದಂಟು ಹೆಣ್ಣು ಭಾಗ. ಅದರ ಬುಡದಲ್ಲಿ ಮುಂದೆ ಕಾಯಾಗುವ ಅಂಡಾಶಯ. ಒಂದೇ ಹೂವಿನಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು.

ಪರಾಗದ ಕಣವೂ ಅಂಡವೂ ಕೂಡಿ ಹೊಸ ಬೀಜವಾಗಬೇಕಷ್ಟೆ. ಇಬ್ಬರೂ ತಮ್ಮ ಪೂರ್ತಿ ತಂತುಗಳನ್ನು ತಂದರೆ ತಲೆಮಾರಿಗೊಮ್ಮೆ ಲೆಕ್ಕ ಇಮ್ಮಡಿಯಾಗುತ್ತ ಹೋಗುತ್ತದೆ. ಆದುದರಿಂದ ಪರಾಗ ಹುಟ್ಟುವಾಗ ಲೆಕ್ಕವನ್ನು ಅರ್ಧಕ್ಕೆ ಇಳಿಸುವ ಏರ್ಪಾಡು ಇದೆ. ಹೂವಿನ ಮೊಗ್ಗು ಬಹಳ ಎಳೆಯದಿರುವಾಗಲೇ ಈ ಕೆಲಸ ನಡೆಯುತ್ತದೆ. ಕೋಶದೊಳಗಿನ ತಂತುಗಳಲ್ಲಿ ಒಂದೊಂದೂ ತನ್ನ ಜೊತೆಗಾರನನ್ನು ಹುಡುಕಿ ಪಕ್ಕಕ್ಕೆ ಒತ್ತಿ ನಿಲ್ಲುತ್ತದೆ. ಹಾಗೆ ನಿಂತಾಗ ಎರಡೂ ತಮ್ಮ ತುಣುಕುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದೂ ಉಂಟು. ಆಮೇಲೆ ಜೋಡಿಗಳೆಲ್ಲ ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಸರಿಯುತ್ತದೆ. ಹೀಗೆ ಕೋಶ ಎರಡಾಗಿ, ಆ ಎರಡೂ ಮತ್ತೊಮ್ಮೆ ಒಡೆದು ನಾಲ್ಕಾಗುತ್ತವೆ. ಆ ನಾಲ್ಕೂ ನಾಲ್ಕು ಪರಾಗದ ಕಣಗಳು.

ಮೆಣಸಿನ ಗಿಡದ ೨೪ ಹೀಗೆ ಹನ್ನೆರಡು ಹನ್ನೆರಡಾಗಿ ಒಡೆಯುತ್ತದೆ. ದೇಶಿ ಹತ್ತಿಯ ೨೬ ಹದಿಮೂರಾಗಿಯೂ, ಅಮೆರಿಕನ್ ಹತ್ತಿಯ ೫೨ ಇಪ್ಪತ್ತಾರಾಗಿಯೂ ಒಡೆಯುತ್ತವೆ. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಒಂದೊಂದು ಯಂತ್ರದಿಂದ ಒಬ್ಬ ಇಳಿದು ಇನ್ನೊಬ್ಬ ನಿಲ್ಲುವಷ್ಟೇ ಶಿಸ್ತು ಇಲ್ಲಿ ಬೇಕು. ಜೊತೆಗಾರ ಇದ್ದರೆ ಮಾತ್ರ ಈ ಶಿಸ್ತು ಸಾಧ್ಯ.

ಲೆಕ್ಕ ಸರಿಯಾಗಿ ಹಂಚಿದ ಪರಾಗದ ಕಣ ದುಂಡಗೆ, ತುಂಬಿಕೊಂಡು ಇರುತ್ತದೆ. ಲೆಕ್ಕ ತಪ್ಪಿದರೆ ಜೊಳ್ಳು. ಇದನ್ನು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದ ಒಂದು ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಟ್ಟಿ ಕಣಗಳು ಕೆಂಪೇರುತ್ತವೆ. ಜೊಳ್ಳು ಕಣಗಳು ಮುದುಡಿ, ಬಿಳಿಚಿಕೊಂಡು ಉಳಿಯುತ್ತವೆ. ನೂರರಲ್ಲಿ ಕೆಂಪೇರಿದವೆಷ್ಟು ಎಂದು ಎಣಿಸುವುದು, ಅಷ್ಟೆ. ಕಾಳನ್ನು ಮೊರದಲ್ಲಿ ಕೇರಿ ಗಟ್ಟಿ, ಜೊಳ್ಳು ಬೇರೆ ಮಾಡುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಜೊತೆಗಾರನಿಲ್ಲದ ಹದಿಮೂರು

ಈಗ ದೇಶಿ ಹತ್ತಿಗೂ ಅಮೆರಿಕನ್ ಹತ್ತಿಗೂ ಕೂಡಿಕೆ ಮಾಡಿದರೆ ಏನಾಗುತ್ತದೆ ನೋಡೋಣ. ಮೊದಲನೆಯ ತೊಡಕೆಂದರೆ ಬೀಜ ಕಟ್ಟುವುದೇ ಅಪರೂಪ. ಕಷ್ಟಪಟ್ಟು ಒಂದೆರಡು ಬೀಜ ಸಿಕ್ಕಿ ಮೊಳೆತರೆ, ಆ ಗಿಡಕ್ಕೆ ದೇಶಿ ಕಡೆಯಿಂದ ೧೩, ಅಮೆರಿಕನ್ ಕಡೆಯಿಂದ ೨೬, ಒಟ್ಟು ೩೯ ತಂತುಗಳು. ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಧಾರಾಳ. ಕಾಯಿ ಮಾತ್ರ ನಿಲ್ಲುವುದಿಲ್ಲ.

ಕಾರಣ ಲೆಕ್ಕದಲ್ಲಿದೆ. ಅಮೆರಿಕನ್ ಹತ್ತಿಯ ೨೬ರಲ್ಲಿ ೧೩ ತಂತುಗಳು ನಮ್ಮ ದೇಶಿ ಹತ್ತಿಯ ತಂತುಗಳಿಗೆ ದಾಯಾದಿಗಳು. ಅವು ಹೆಚ್ಚುಕಡಿಮೆ ಜೋಡಿ ಸೇರುತ್ತವೆ. ಉಳಿದ ೧೩ಕ್ಕೆ ಆ ಗಿಡದಲ್ಲಿ ಜೊತೆಗಾರರೇ ಇಲ್ಲ. ಅವು ಒಂಟಿಯಾಗಿ ಅತ್ತ ಕೆಲವು, ಇತ್ತ ಕೆಲವು ಹೋಗುತ್ತವೆ. ಕೆಲವು ನಡುದಾರಿಯಲ್ಲೇ ಉಳಿದು ಕಳೆದುಹೋಗುತ್ತವೆ. ಹದಿಮೂರು ಒಂಟಿ ತಂತುಗಳೂ ತಪ್ಪದೆ ಒಂದೇ ಕಡೆಗೆ ಸರಿದರೆ ಮಾತ್ರ ಪರಾಗದ ಲೆಕ್ಕ ಕೂಡಿಬರುತ್ತದೆ. ಒಂದೊಂದಕ್ಕೂ ಎರಡು ದಾರಿ ಇರುವುದರಿಂದ ಹಾಗಾಗುವ ಸಂಭವ ೪,೦೯೬ರಲ್ಲಿ ಒಂದು ಸಲ. ಮಿಕ್ಕವೆಲ್ಲ ಜೊಳ್ಳೆಂದೇ ತಿಳಿಯಬೇಕು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಈ ತೊಡಕೇ ರೈತನಿಗೆ ಒಂದು ರಕ್ಷೆಯೂ ಆಗಿದೆ. ಜಯಧರದ ಹೊಲದ ಪಕ್ಕದಲ್ಲಿ ಅಮೆರಿಕನ್ ಹತ್ತಿ ಇದ್ದು, ಜೇನುಹುಳು ಅಲ್ಲಿಯ ಪರಾಗವನ್ನು ಇಲ್ಲಿಗೆ ತಂದರೂ ದೇಶಿ ಬೀಜ ಸುಲಭಕ್ಕೆ ಬೆರಕೆಯಾಗುವುದಿಲ್ಲ.

ಸೂರತ್ತಿನ ತಜ್ಞರು ಕಷ್ಟವೆಂದು ಕೈಚೆಲ್ಲಲಿಲ್ಲ. ಇಂಥ ಗಿಡಕ್ಕೂ ಒಂದು ದಾರಿ ಇದೆ. ನಮ್ಮ ಬೇಲಿಗಳಲ್ಲಿ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ ಎಂಬ ಬಳ್ಳಿಯನ್ನು ಕಂಡವರುಂಟು. ಅದರ ಗಡ್ಡೆಯಲ್ಲೂ ಬೀಜದಲ್ಲೂ ಕೊಲ್ಚಿಸಿನ್ ಎಂಬ ವಿಷವಿದೆ. ೧೯೩೭ರ ಸುಮಾರಿಗೆ ಈ ವಿಷದ ಒಂದು ವಿಚಿತ್ರ ಗುಣ ಸಸ್ಯತಜ್ಞರ ಕೈಗೆ ಬಂತು. ಅದನ್ನು ಎಳೆಯ ಚಿಗುರಿಗೆ ತಾಗಿಸಿದರೆ ತಂತುಗಳು ಇಮ್ಮಡಿಯಾಗುತ್ತವೆ, ಆದರೆ ಕೋಶ ಒಡೆಯುವುದಿಲ್ಲ. ಹೀಗೆ ೩೯ ತಂತುಗಳ ಗಿಡ ೭೮ರ ಗಿಡವಾಗುತ್ತದೆ. ಈಗ ಒಂಟಿಯಾಗಿದ್ದುದಕ್ಕೂ ಜೊತೆ ಸಿಕ್ಕಿತು. ಪರಾಗ ಸ್ವಲ್ಪಮಟ್ಟಿಗೆ ಗಟ್ಟಿಯಾಯಿತು. ಅದನ್ನು ಮತ್ತೆ ೫೨ರ ಹತ್ತಿಗೆ ಕೂಡಿಸಿದರೆ ೬೫, ಮತ್ತೆ ಮತ್ತೆ ಕೂಡಿಸಿ ಆರಿಸುತ್ತ ಹೋದರೆ ಕೊನೆಗೆ ೫೨ಕ್ಕೇ ಬಂದು ನಿಲ್ಲುತ್ತದೆ. ಆದರೆ ಆ ೫೨ರ ಮೈಯಲ್ಲಿ ದೇಶಿ ಹತ್ತಿಯ ಒಂದಿಷ್ಟು ಗುಣ ಉಳಿದುಕೊಂಡಿರುತ್ತದೆ. ಒಂದು ಕಾಲದಲ್ಲಿ ಗುಜರಾತಿನಲ್ಲಿ ಹೆಸರು ಮಾಡಿದ 'ದೇವಿರಾಜ' ತಳಿ ಸೂರತ್ತಿನಲ್ಲಿ ದೇಶಿ ಮತ್ತು ಅಮೆರಿಕನ್ ಹತ್ತಿಗಳ ಕೂಡಿಕೆಯಿಂದಲೇ ಬಂದುದು.

ಮನುಷ್ಯ ಮಾಡಿದ ಈ ಕೆಲಸವನ್ನು ಪ್ರಕೃತಿ ಬಹಳ ಹಿಂದೆಯೇ ಮಾಡಿತ್ತು. ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ, ಹಳೆಯ ಜಗತ್ತಿನ ೨೬ರ ಹತ್ತಿಯ ಬಂಧುವೊಂದು ಅಮೆರಿಕ ಖಂಡದ ೨೬ರ ಕಾಡುಹತ್ತಿಯೊಂದಿಗೆ ಕೂಡಿ, ತಂತುಗಳು ಇಮ್ಮಡಿಯಾಗಿ ೫೨ರ ಹತ್ತಿ ಹುಟ್ಟಿತು. ಇದು ಬರಿಯ ಊಹೆಯಲ್ಲ. ೧೯೪೦ರಲ್ಲಿ ಅಮೆರಿಕದ ಟೆಕ್ಸಾಸಿನ ಬೀಸ್ಲಿ ಎಂಬ ತಜ್ಞ ಏಷ್ಯದ ಹತ್ತಿಯನ್ನೂ ಅಮೆರಿಕದ ಕಾಡುಹತ್ತಿಯನ್ನೂ ಕೂಡಿಸಿ, ತಂತುಗಳನ್ನು ಇಮ್ಮಡಿ ಮಾಡಿ, ಆ ಗಿಡ ಈಗಿನ ಅಮೆರಿಕನ್ ಹತ್ತಿಯೊಂದಿಗೆ ಹೊಂದಿಕೊಳ್ಳುವುದನ್ನು ತೋರಿಸಿಕೊಟ್ಟ. ಪರದೇಶಿ ಹತ್ತಿಯೆಂದು ನಾವು ಕರೆಯುವುದರ ಅರ್ಧ ಮೈಯಲ್ಲಿ ನಮ್ಮ ಹತ್ತಿಯ ಬಳಗದ ರಕ್ತವಿದೆ ಎಂದ ಹಾಗಾಯಿತು.

ಸೂರತ್ತಿನ ನಾಲ್ಕು, ಧಾರವಾಡದ ವರಲಕ್ಷ್ಮಿ

ಲೆಕ್ಕ ಹೊಂದುವ ಎರಡು ಹತ್ತಿಗಳನ್ನು ಕೂಡಿಸಿದರೆ ಈ ಗೋಜಲೇ ಇಲ್ಲ. ಅದನ್ನು ವ್ಯಾಪಾರದ ಮಟ್ಟಕ್ಕೆ ತಂದುದು ಸೂರತ್ತಿನ ಹತ್ತಿ ಸಂಶೋಧನ ಕೇಂದ್ರ. ಅಲ್ಲಿ ಡಾ. ಸಿ. ಟಿ. ಪಟೇಲರು ಗುಜರಾತ್-೬೭ ಎಂಬ ತಳಿಗೆ ಅಮೆರಿಕನ್ ನೆಕ್ಟರಿಲೆಸ್ ಎಂಬ ತಳಿಯ ಪರಾಗ ಕೂಡಿಸಿ 'ಸಂಕರ-೪' ಎಂಬುದನ್ನು ಪಡೆದರು. ಅದು ಬಿಡುಗಡೆಯಾದುದು ೧೯೭೦ರಲ್ಲಿ. ಇಡೀ ಜಗತ್ತಿನಲ್ಲಿ ರೈತರ ಹೊಲಕ್ಕೆ ಇಳಿದ ಮೊತ್ತಮೊದಲ ಸಂಕರ ಹತ್ತಿ ಅದು. ಮುಂದೆ ಬಂದ ಸಂಕರ-೬ ಎಂಬುದೇ ಪೇಟೆಯ 'ಶಂಕರ್-೬'. ಇಂದು ಆ ಹೆಸರು ಒಂದು ತಳಿಯದಾಗಿ ಉಳಿದಿಲ್ಲ. ಗುಜರಾತಿನ ೨೮-೨೯ ಮಿಲಿಮೀಟರ್ ಎಳೆಯ ಹತ್ತಿಗೆಲ್ಲ ಅದೇ ಗುರುತಾಗಿದೆ.

ಎರಡು ವರ್ಷ ಕಳೆಯುವುದರೊಳಗೆ, ೧೯೭೨ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿಗೆ ಈಜಿಪ್ಟಿನ ಹತ್ತಿಯ ಜಾತಿಗೆ ಸೇರಿದ, ಬಹಳ ಉದ್ದವಾದ ನಯವಾದ ಎಳೆಯ ಹತ್ತಿಯೊಂದನ್ನು ಕೂಡಿಸಿ 'ವರಲಕ್ಷ್ಮಿ'ಯನ್ನು ಪಡೆದರು. ಜಾತಿ ಎರಡಾದರೂ ಎರಡರಲ್ಲೂ ತಂತುಗಳು ೫೨. ಒಂದರ ತಂತುಗಳಿಗೆ ಇನ್ನೊಂದರಲ್ಲಿ ಜೊತೆಗಾರರಿದ್ದಾರೆ. ಆದುದರಿಂದ ವರಲಕ್ಷ್ಮಿಯ ಪರಾಗ ಗಟ್ಟಿ, ಕಾಯಿ ತುಂಬ. ಸಣ್ಣ ನೂಲಿನ ಹತ್ತಿಗಾಗಿ ಪರದೇಶದ ಕಡೆಗೆ ನೋಡುತ್ತಿದ್ದ ನಮ್ಮ ಗಿರಣಿಗಳಿಗೆ ಇದೊಂದು ದೊಡ್ಡ ಆಸರೆಯಾಯಿತು. ೧೯೮೧ರಲ್ಲಿ ಅದೇ ಧಾರವಾಡದಿಂದ ಜಯಲಕ್ಷ್ಮಿ ಎಂಬ ಇನ್ನೊಂದು ಸಂಕರವೂ ಹೊರಬಂತು.

ಬೀಜವನ್ನು ಮತ್ತೆ ಬಿತ್ತಿದರೆ

ಪರಾಗ ಗಟ್ಟಿಯಿದ್ದರೆ, ಕಾಯಿ ತುಂಬಿದ್ದರೆ, ಆ ಬೀಜವನ್ನೇ ಮರುವರ್ಷ ಬಿತ್ತಲು ಏನು ಅಡ್ಡಿ? ಮೊದಲು ಎತ್ತಿದ ಪ್ರಶ್ನೆಗೆ ಈಗ ಬಂದೆವು.

ಜಯಧರದಂಥ ನೆಲೆಗೊಂಡ ತಳಿಯಲ್ಲಿ ಜೋಡಿಯ ಎರಡು ತಂತುಗಳೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಯಾವುದು ಯಾವ ಕಡೆ ಸರಿದರೂ ವ್ಯತ್ಯಾಸವಿಲ್ಲ, ಮಗ ಅಪ್ಪನಂತೆಯೇ. ಸಂಕರ ಗಿಡದಲ್ಲಿ ಹಾಗಲ್ಲ. ಅದರ ಪ್ರತಿ ಜೋಡಿಯಲ್ಲೂ ಒಂದು ಒಂದು ಮನೆಯದು, ಇನ್ನೊಂದು ಬೇರೆ ಮನೆಯದು. ಎರಡೂ ಜೊತೆಗಿರುವವರೆಗೆ ಗಿಡಕ್ಕೆ ಬಲ. ಆದರೆ ಪರಾಗವಾಗುವಾಗ ಅವು ಅಗಲಲೇಬೇಕು. ೨೬ ಜೋಡಿಗಳಲ್ಲಿ ಒಂದೊಂದೂ ಎರಡು ರೀತಿಯಲ್ಲಿ ಒಡೆಯಬಹುದಾದ್ದರಿಂದ, ಎರಡನ್ನು ಇಪ್ಪತ್ತಾರು ಸಲ ಗುಣಿಸಿದರೆ ೬,೭೧,೦೮,೮೬೪ ಬಗೆಯ ಪರಾಗದ ಕಣಗಳಾಗುತ್ತವೆ. ಅಂಡಗಳಲ್ಲೂ ಅಷ್ಟೇ ಬಗೆ. ತಂತುಗಳು ತುಣುಕು ಬದಲಾಯಿಸಿಕೊಳ್ಳುವುದನ್ನು ಇದರಲ್ಲಿ ಸೇರಿಸಿಲ್ಲ. ಹೀಗಿರಲು ಮರುವರ್ಷದ ಹೊಲದಲ್ಲಿ ಒಂದು ಗಿಡ ಇನ್ನೊಂದರಂತೆ ಇರುವುದಾದರೂ ಹೇಗೆ? ಒಂದು ಎತ್ತರ, ಒಂದು ಗಿಡ್ಡ. ಒಂದಕ್ಕೆ ಕಾಯಿ ಬೇಗ, ಒಂದಕ್ಕೆ ತಡ. ಎಳೆಯೂ ಉದ್ದ ಗಿಡ್ಡ ಬೆರೆತು ಬರುತ್ತದೆ. ವರಲಕ್ಷ್ಮಿಯಂಥ ಎರಡು ಜಾತಿಗಳ ಸಂಕರದಲ್ಲಂತೂ ಮೊದಲ ಪೀಳಿಗೆ ಎಷ್ಟು ಸೊಗಸೋ ಎರಡನೆಯದು ಅಷ್ಟು ಕಳಪೆ. ಸೊರಗಿದ ಗಿಡಗಳೂ ಕಾಯಿ ಬಿಡದ ಗಿಡಗಳೂ ಬಹಳ ಏಳುತ್ತವೆ.

೨೦೦೨ರಲ್ಲಿ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಾಗ ನಮ್ಮ ದೇಶದಲ್ಲಿ ಅದೂ ಸಂಕರ ಬೀಜವಾಗಿಯೇ ಬಂತು. ಕಾಯಿಕೊರಕ ಹುಳುವನ್ನು ತಡೆಯುವ ಗುಣ ಅದರ ತಾಯಿತಂದೆಗಳಲ್ಲಿ ಒಂದರಿಂದ ಮಾತ್ರ ಬಂದಿದ್ದರೆ, ಅದರ ಬೀಜವನ್ನು ಮತ್ತೆ ಬಿತ್ತಿದಾಗ ಸರಾಸರಿ ನಾಲ್ಕು ಗಿಡಗಳಲ್ಲಿ ಒಂದಕ್ಕೆ ಆ ಗುಣವೇ ಇರುವುದಿಲ್ಲ.

ಇದರ ಫಲ ಹೊಲದಲ್ಲೇ ನಿಲ್ಲದೆ ಗಿರಣಿಯವರೆಗೂ ಬರುತ್ತದೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯ ಮೇಲಿನ ಒಂದೇ ಒಂದು ಕೋಶ ಉದ್ದಕ್ಕೆ ಬೆಳೆದುದು. ಅಂಡಕ್ಕೆ ಪರಾಗ ಮುಟ್ಟಿ ಬೀಜ ಕಟ್ಟಿದರೆ ಎಳೆ ಪೂರ್ತಿ ಬೆಳೆಯುತ್ತದೆ. ಮುಟ್ಟದಿದ್ದರೆ ಅದು ಮುರುಟಿಕೊಂಡು ಸಣ್ಣ ಚೂರಾಗಿ ಉಳಿಯುತ್ತದೆ. ಅಂಥ ಚೂರುಗಳು ಹತ್ತಿಯೊಡನೆ ಬೆರೆತು ಬ್ಲೋ ರೂಮಿಗೆ ಬರುತ್ತವೆ. ಕಾರ್ಡಿಂಗ್ ಖಾತೆಯಲ್ಲೂ ತಪ್ಪಿಸಿಕೊಂಡವು ನೂಲಿನಲ್ಲಿ ಗಂಟಾಗಿ ಕಾಣುತ್ತವೆ. ಎಳೆ ಉದ್ದ ಗಿಡ್ಡ ಬೆರೆತ ಬೇಲು ಬಂದರೆ ರಿಂಗ್ ಫ್ರೇಮಿನಲ್ಲಿ ನೂಲು ಕಡಿಯುವುದು ಹೆಚ್ಚು. ಕಡಿದುದನ್ನು ಕೂಡಿಸುತ್ತ ಓಡಾಡುವ ಕಾಲು ನಮ್ಮವರದೇ. ಪರಾಗದ ಜೊಳ್ಳಿಗೂ ಪಾಳಿ ಮುಗಿದ ಮೇಲಿನ ಮಂಡಿನೋವಿಗೂ ಇಷ್ಟು ಸಂಬಂಧವಿದೆ.

ಬೆರಳುಗಳ ಕೆಲಸ

ಹಾಗಾದರೆ ಸಂಕರ ಬೀಜ ಪ್ರತಿ ವರ್ಷವೂ ಹೊಸದಾಗಿ ತಯಾರಾಗಬೇಕು. ಅದು ತಯಾರಾಗುವುದು ಯಂತ್ರದಲ್ಲಲ್ಲ, ಬೆರಳಿನಲ್ಲಿ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಅದರ ಎಸಳನ್ನೂ ಕೇಸರದ ಕೊಳವೆಯನ್ನೂ ಸುತ್ತಲೂ ಸೀಳಿ ತೆಗೆಯಬೇಕು. ಒಳಗಿನ ಹೆಣ್ಣು ಭಾಗಕ್ಕೆ ಉಗುರು ತಾಗಕೂಡದು. ಮೇಲೊಂದು ಕಾಗದದ ಚೀಲ ಹಾಕಬೇಕು. ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲು ಗಂಡು ತಳಿಯ ಹೂ ಕಿತ್ತು ತಂದು ಅದರ ಪರಾಗವನ್ನು ಸವರಿ, ಗುರುತಿಗೆ ಒಂದು ದಾರ ಕಟ್ಟಬೇಕು. ನಮ್ಮ ಕಡೆ ಇದಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ಇಷ್ಟು ಮಾಡಿದರೆ ಒಂದು ಕಾಯಿ. ಕೂಲಿ ದುಬಾರಿಯಾದ ಅಮೆರಿಕ, ಆಸ್ಟ್ರೇಲಿಯ ದೇಶಗಳು ಸಂಕರ ಹತ್ತಿಯ ಗೋಜಿಗೆ ಹೋಗದೆ ನೆಲೆಗೊಂಡ ತಳಿಗಳನ್ನೇ ಬೆಳೆಯುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ಬೆರಳುಗಳು ಯಾರವು ಎಂಬುದನ್ನೂ ಹೇಳಬೇಕು. ಉತ್ತರ ಗುಜರಾತಿನ ಬನಾಸಕಾಂಠಾ, ಸಾಬರಕಾಂಠಾ ಜಿಲ್ಲೆಗಳ ಬೀಜದ ಹೊಲಗಳಿಗೆ ದಕ್ಷಿಣ ರಾಜಸ್ಥಾನದ ಆದಿವಾಸಿ ಕುಟುಂಬಗಳು ಹಂಗಾಮಿಗೆ ವಲಸೆ ಬರುತ್ತ ಬಂದಿವೆ. ಅವರಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳೂ ಇದ್ದುದು ಬಹಳ ಸಲ ವರದಿಯಾಗಿದೆ. ಗಿಡದ ಎತ್ತರಕ್ಕೆ ಮಕ್ಕಳ ಕೈ ಒಗ್ಗುತ್ತದೆಂಬುದು ಅದಕ್ಕೆ ಹೇಳುವ ನೆವ. ೨೦೧೬ರ ಕಾನೂನು ತಿದ್ದುಪಡಿಯ ಪ್ರಕಾರ ೧೪ ವರ್ಷ ತುಂಬದವರನ್ನು ಯಾವ ಕೂಲಿ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ವಲಸೆ ಬಂದು ದುಡಿಯುವ ನಮಗೆ ಇನ್ನೊಬ್ಬ ವಲಸೆಗಾರನ ಮಗುವಿನ ಬೆರಳು ಕಣ್ಣಿಗೆ ಬೀಳಬೇಕು.

ವಿಜ್ಞಾನ ಇದಕ್ಕೂ ಒಂದು ದಾರಿ ತೋರಿಸಿದೆ. ಕೆಲವು ಗಿಡಗಳಲ್ಲಿ ಹೆಣ್ಣು ಭಾಗ ಸರಿಯಾಗಿದ್ದು ಪರಾಗ ಮಾತ್ರ ಹುಟ್ಟುವಾಗಲೇ ಜೊಳ್ಳಾಗಿರುತ್ತದೆ. ಅಂಥ ಗಿಡವನ್ನು ತಾಯಿಯಾಗಿ ಇಟ್ಟುಕೊಂಡರೆ ಕೇಸರ ಕೀಳುವ ಕೆಲಸವೇ ಉಳಿಯುವುದಿಲ್ಲ. ಪರಾಗ ಸವರಿದರೆ ಸಾಕು. ಮೆಣಸಿನ ಗಿಡದಲ್ಲಿ ಇಂಥ ಗುಣವನ್ನು ೧೯೫೮ರಲ್ಲಿ ಅಮೆರಿಕದ ಪೀಟರ್ಸನ್ ಎಂಬ ತಜ್ಞ ವರದಿ ಮಾಡಿದ. ಆ ಗಿಡದ ಬೀಜ ಹೋಗಿದ್ದುದು ಭಾರತದಿಂದ! ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೀಗೆ ಜೊಳ್ಳು ಪರಾಗದ ತಾಯಿಯನ್ನು ಬಳಸಿ ಸಂಕರ ಮೆಣಸಿನಕಾಯಿ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಹತ್ತಿಯಲ್ಲಿ ೧೯೭೫ರಲ್ಲಿ ವೆಸ್ಟಾ ಮೇಯರ್ ಎಂಬ ಮಹಿಳೆ ಕಾಡುಹತ್ತಿಯೊಂದರಿಂದ ಈ ಗುಣವನ್ನು ಬೆಳೆಯುವ ಹತ್ತಿಗೆ ತಂದರು. ಎಲ್ಲೆಡೆ ಕಳೆಯೆಂದು ತಿಳಿಯುವ ಜೊಳ್ಳು ಇಲ್ಲಿ ಮಗುವಿನ ಕೈಗೆ ಬಿಡುವು ಕೊಡಬಲ್ಲುದು.

ಊರಿಗೆ ಹೇಳಬೇಕಾದ ಮಾತು

ಇಷ್ಟು ತಿಳಿದ ಮೇಲೆ ಊರಿನವರೊಡನೆ ಮಾತಾಡುವಾಗ ನಾಲ್ಕು ಸಂಗತಿಗಳನ್ನು ಹೇಳಬಹುದು.

ಮೊದಲನೆಯದು, ಸಂಕರ ಹತ್ತಿ ಬಿತ್ತುವುದಾದರೆ ಪ್ರತಿ ವರ್ಷ ಹೊಸ ಬೀಜವನ್ನೇ ಕೊಳ್ಳಬೇಕು. ಕಳೆದ ವರ್ಷದ ಬೆಳೆಯ ಬೀಜವೆಂದು ಅಗ್ಗಕ್ಕೆ ಮಾರುವ ಬಿಡಿ ಬೀಜವನ್ನು ನಂಬಬಾರದು. ಉಳಿಯುವುದು ನಾಲ್ಕು ಕಾಸು, ಕಳೆಯುವುದು ಒಂದು ಹಂಗಾಮು.

ಎರಡನೆಯದು, ಬೀಜದ ಪೊಟ್ಟಣವನ್ನೂ ರಸೀದಿಯನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನವಾಗಿಡಬೇಕು. ಬೆಳೆ ಬೆರಕೆಯಾಗಿ ಬಂದರೆ ದೂರು ಕೊಡಲು ಅದೇ ಆಧಾರ. ನಾವೇ ಹಣ ಕಳಿಸುವವರಾದರೆ ರಸೀದಿಯ ಒಂದು ಚಿತ್ರವನ್ನು ಫೋನಿಗೆ ತರಿಸಿಕೊಂಡರೂ ಆಗುತ್ತದೆ.

ಮೂರನೆಯದು, ಮಳೆಯಾಶ್ರಿತ ನೆಲದಲ್ಲಿ ಜಯಧರದಂಥ ದೇಶಿ ತಳಿ ಬೆಳೆಯುವವರು ಬೀಜ ಉಳಿಸಿಕೊಳ್ಳಬಹುದು. ಹೊಲದ ಅಂಚಿನಿಂದ ತೆಗೆಯದೆ, ನಡುವಿನ ಆರೋಗ್ಯವಾದ ಗಿಡಗಳಿಂದ ಬೀಜ ಆರಿಸಬೇಕು. ರೈತ ತನ್ನ ಬೆಳೆಯ ಬೀಜವನ್ನು ಉಳಿಸಲು, ಬಿತ್ತಲು, ನೆರೆಯವನಿಗೆ ಕೊಡಲು ೨೦೦೧ರ ತಳಿ ಸಂರಕ್ಷಣೆಯ ಕಾನೂನೂ ಅವಕಾಶ ಕೊಟ್ಟಿದೆ.

ನಾಲ್ಕನೆಯದು, ಹೂ ಬಹಳ ಬಿಟ್ಟು ಕಾಯಿ ನಿಲ್ಲದಿದ್ದರೆ ಕೂಡಲೆ ಬೀಜವನ್ನೇ ದೂರಬಾರದು. ಬಿಸಿಲಿನ ಝಳ ನಲವತ್ತು ಡಿಗ್ರಿಯ ಹತ್ತಿರ ಹೋದರೆ ಒಳ್ಳೆಯ ತಳಿಯ ಪರಾಗವೂ ಕೆಡುತ್ತದೆ. ಹೂ ಅರಳಿದ ಬೆಳಗ್ಗೆ ಮಳೆ ಬಿದ್ದರೆ ನೀರು ತಾಗಿದ ಪರಾಗದ ಕಣ ಒಡೆದುಹೋಗುತ್ತದೆ. ಎಲ್ಲ ಗಿಡಗಳಲ್ಲೂ ಒಂದೇ ವಾರ ಹೂ ಉದುರಿದರೆ ಅದು ಹೆಚ್ಚಾಗಿ ಹವೆಯ ಕಾರಣ. ಗಿಡದಿಂದ ಗಿಡಕ್ಕೆ ಎತ್ತರವೂ ಎಲೆಯೂ ಕಾಯಿಯೂ ಬೇರೆ ಬೇರೆಯಾಗಿದ್ದರೆ ಆಗ ಬೀಜವನ್ನು ಸಂಶಯಿಸಬೇಕು. ರಸೀದಿ ಹಿಡಿದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು.

ಬಂಧುಗಳೇ, ನಾವು ಹತ್ತಿಯ ಸೀಮೆಯಲ್ಲಿ ಹುಟ್ಟಿ ಹತ್ತಿಯ ಸೀಮೆಗೇ ದುಡಿಯಲು ಬಂದವರು. ಬೀಜಕ್ಕೆ ರೊಕ್ಕ ಕೇಳಿ ಊರಿನಿಂದ ಮಾತು ಬಂದಾಗ "ಪ್ರತಿ ವರ್ಷ ಇದೇ ರಾಗ" ಎಂದು ಬೇಸರಿಸುವ ಬದಲು, ಯಾವ ತಳಿ, ಯಾವ ನೆಲ, ಸಂಕರವೋ ದೇಶಿಯೋ ಎಂದು ಕೇಳಿ ತಿಳಿದುಕೊಂಡು ಕಳಿಸಿದರೆ, ಆ ಹಣ ಸರಿಯಾದ ಬೀಜಕ್ಕೆ ಮುಟ್ಟುತ್ತದೆ.